ಮೊದಲ ಬಿಂದಿಗೆ

ಹೊಂಗೆಹಳ್ಳಿಯಲ್ಲಿ ಯಾರಾದರೂ ಸತ್ತರೆ, ಅದನ್ನು ಮೊದಲು ಬಾಯಿಬಿಟ್ಟು ಹೇಳಿದವರೇ ಮೊದಲ ಬಿಂದಿಗೆ ನೀರು ಸೇದಬೇಕು. ಸತ್ತವರ ಮನೆಯವರ ತಲೆಯ ಮೇಲೆ ಬೀಳುವ ಆ ತಣ್ಣೀರು ಸುದ್ದಿ ಹೇಳಿದವರ ಕೈಯಿಂದಲೇ ಬೀಳಬೇಕು. ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ದಾರಿಯ ಬೇರೆ ಯಾವ ಊರಿನಲ್ಲೂ ಈ ಪದ್ಧತಿ ಇರಲಿಲ್ಲ. ಹೊಂಗೆಹಳ್ಳಿಯ ಬಾವಿಗಳೋ ಹತ್ತಾಳು ಆಳ. ಹೀಗಾಗಿ ಆ ಊರಿನಲ್ಲಿ ಯಾರೂ ಸಾಯುತ್ತಿರಲಿಲ್ಲ. “ಯಾಕೋ ನಮ್ಮಪ್ಪ ಬೆಳಿಗ್ಗಿಂದ ಮಾತಾಡ್ತಿಲ್ಲ, ಒಸಿ ಬಂದು ನೋಡಿ” ಎಂದು ನೆರೆಯವರನ್ನು ಕರೆಯುತ್ತಿದ್ದರು. ನೆರೆಯವರು ಬಂದು ನೋಡಿ, “ಔದು, ಮಾತಾಡ್ತಿಲ್ಲ” ಎಂದು ಒಪ್ಪಿಕೊಂಡು ಇನ್ನೊಬ್ಬರನ್ನು ಕರೆಯುತ್ತಿದ್ದರು. ಕೊನೆಗೆ ಯಾರೋ ಒಬ್ಬ ತಾಳ್ಮೆಗೆಟ್ಟವನು ಬಾಯಿಬಿಡುವ ಹೊತ್ತಿಗೆ ಊರೆಲ್ಲ ನೆರೆದಿರುತ್ತಿತ್ತು.

ಈ ಪದ್ಧತಿ ಯಾಕೆ ಬಂತೆಂದು ನೀಲಾಂಬಿಕೆಗೆ ಅವಳ ಅಜ್ಜಿ ಬಸವಲಿಂಗಮ್ಮ ಹೇಳಿದ್ದಳು. ಹಿಂದೆ ಒಂದು ಕಾಲದಲ್ಲಿ ಯಮದೂತನೇ ಮನೆಮನೆಗೆ ಬಂದು ಸುದ್ದಿ ಹೇಳಿ ಹೋಗುತ್ತಿದ್ದನಂತೆ. ಒಂದು ದಿನ ಅವನು ಈ ಊರಿಗೆ ಬಂದು ಒಬ್ಬ ಹೆಂಗಸಿಗೆ “ನಿನ್ನ ಗಂಡ ಹೋದ” ಅಂದ. ಅವಳು ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ, “ಬಾಯಲ್ಲಿ ಹೇಳೋಕೆ ಬಂದೋನು ಕೈಯಲ್ಲಿ ನೀರು ಸೇದೋಕೂ ಬಂದಿರ್ತೀಯ. ಹಗ್ಗ ಅಲ್ಲೈತೆ” ಅಂದಳು. ಯಮದೂತ ಸೇದಿದ, ಸೇದಿದ, ಅಂಗೈ ಬೊಬ್ಬೆ ಬಂತು. ಅಂದಿನಿಂದ ಅವನು ಯಾರ ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ, ಅಷ್ಟೆ.

ಟಪಾಲಿನ ದೇವರಾಜು ಬೀಡಿ ಸೇದಿ ಸೇದಿ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಅದು ಅವನ ತಪ್ಪಲ್ಲ. ಆದರೆ ಅವನು ಬಂದನೆಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ನೀಲಾಂಬಿಕೆ ಹಾಸನದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಇಂಗ್ಲಿಷು ನಾಲ್ಕನೆಯ ಫಾರಂವರೆಗೆ ಓದಿದವಳು. ಅಲ್ಲಿಗೆ ಸಾಕೆಂದು ಅಪ್ಪ ಪರಮಶಿವಯ್ಯ ವಾಪಸ್ಸು ಕರೆಸಿಕೊಂಡಿದ್ದರು. ಬರುವಾಗ ಅವಳು ತಂದದ್ದು ಎರಡು ವಸ್ತು: ರಟ್ಟು ಕಿತ್ತುಹೋದ ಒಂದು ಡಿಕ್ಷನರಿ, ನಡುವೆ ಗೆರೆ ಎಳೆದ ಒಂದು ನೋಟುಬುಕ್ಕು. ಗೆರೆಯ ಎಡಕ್ಕೆ ಇಂಗ್ಲಿಷಿನಲ್ಲಿ ಸಾವಿಗಿರುವ ಪದಗಳು, ಬಲಕ್ಕೆ ಊರಿಗೆ ಬಂದ ಮೇಲೆ ಅಜ್ಜಿ ಹೇಳಿದ ಅರ್ಥ.

ಇಂಥ ಪಟ್ಟಿ ಯಾಕೆ ಶುರುವಾಯಿತೆಂದರೆ, ಹಾಸನದ ಟೀಚರು ಒಮ್ಮೆ ‘ಡೈ’ ಎಂಬುದಕ್ಕೆ ಬದಲಾಗಿ ಬಳಸಬಹುದಾದ ಐದು ಪದ ಬರೆದು ತನ್ನಿ ಎಂದಿದ್ದರು. ಮಿಕ್ಕ ಹುಡುಗಿಯರು ಐದು ಬರೆದು ನಿಲ್ಲಿಸಿದರು. ನೀಲಾಂಬಿಕೆಗೆ ನಿಲ್ಲಿಸಲು ಆಗಲಿಲ್ಲ. ಎಕ್ಸ್‌ಪೈರ್ ಎಂದರೆ ಉಸಿರು ಹೊರಗೆ ಹೋಗುವುದು, ಅಜ್ಜಿ ಕೇಳಿ, “ಅದು ದಿನಾ ಹೋಗ್ತದೆ. ಒಳಕ್ಕೆ ಬರದೇ ಇದ್ದಾಗ ಏನಂತಾರೆ ಕೇಳು” ಅಂದಳು. ಡಿಮೈಸ್ ದೊಡ್ಡವರಿಗೆ ಮಾತ್ರ ಆಗುವಂಥದ್ದು. ಡಿಸೀಸ್ಡ್ ಆಗಬೇಕಾದರೆ ಕಚೇರಿಯ ಕಾಗದ ಬೇಕು. ಪೆರಿಶ್ ಆಗುವವರು ಚಳಿಗೋ ಹಸಿವಿಗೋ ಗುಂಪಿನಲ್ಲಿ ಆಗುತ್ತಾರೆ. ಮಾರ್ಟಲ್ ಎಂದರೆ ಸಾಯುವವನು. “ಮನುಷ್ಯ ಅಂದ್ರೆ ಸಾಕಾಗಿತ್ತಲ್ಲ, ಇನ್ನೊಂದು ಪದ ಯಾಕೆ ದಂಡ?” ಎಂದು ಅಜ್ಜಿಗೆ ಬೇಸರವಾಯಿತು. ಆದರೂ ಬತ್ತಿ ಹೊಸೆಯುತ್ತ ತನ್ನ ಕಡೆಯ ಲೆಕ್ಕವನ್ನೂ ಒಪ್ಪಿಸಿದಳು: “ಸ್ವಾಮಿಗಳು ಲಿಂಗೈಕ್ಯ ಆಗ್ತಾರೆ. ಸಾಹುಕಾರ್ರು ಕೈಲಾಸವಾಸಿಗಳಾಗ್ತಾರೆ. ನಾವು ತೀರ್ಕೋತೀವಿ. ಎಮ್ಮೆ ಸಾಯ್ತದೆ. ಕಂಡ್ರಾಗದೋನು ಗೊಟಕ್ ಅಂತಾನೆ. ಬರ್ಕೋ.”

ನೋಟುಬುಕ್ಕು ಇಪ್ಪತ್ತೇಳು ಪದಕ್ಕೆ ಬಂದಾಗ ಚನ್ನರಾಯಪಟ್ಟಣದಿಂದ ಒಂದು ಗಂಡಿನ ಕಡೆಯವರು ಬಂದರು. ಹುಡುಗಿ ಓದಿದವಳಂತೆ, ಏನು ಬರೆಯುತ್ತಾಳೆ ನೋಡೋಣ ಎಂದು ಗಂಡಿನ ಭಾವ ಪುಸ್ತಕ ತೆರೆದ. ಅವರು ಉಪ್ಪಿಟ್ಟು ಮುಗಿಸದೆ ಎದ್ದರು.

ಊರಿಗೆ ಅವಳ ಇಂಗ್ಲಿಷಿನಿಂದ ಉಪಯೋಗವಾದದ್ದು ತಂತಿಯ ವಿಷಯದಲ್ಲಿ. ಆಗ ತಂತಿ ಹೊಳೆನರಸೀಪುರದವರೆಗೆ ತಂತಿಯ ಮೇಲೆ ಬಂದು, ಅಲ್ಲಿಂದ ಇದ್ದಿಲಿನ ಬಸ್ಸಿನಲ್ಲಿ ಬಂದು, ಕೊನೆಯ ಮೂರು ಮೈಲಿ ದೇವರಾಜುವಿನ ಕಾಲ ಮೇಲೆ ಬರುತ್ತಿತ್ತು. ತಂತಿ ಬಂತೆಂದರೆ ಸಾವೆಂದೇ ಲೆಕ್ಕ. ಒಡೆದು ಓದುವ ಮೊದಲೇ ಅಳು ಶುರುವಾಗುತ್ತಿತ್ತು. ರಾಮನಾಥಪುರದ ಹೊಗೆಸೊಪ್ಪಿನ ದಲ್ಲಾಳಿ ‘ಬುಧವಾರ ಬರುತ್ತೇನೆ’ ಎಂದು ಕೊಟ್ಟ ತಂತಿಗೆ ಒಂದು ಮನೆಯವರು ಅರ್ಧ ದಿನ ಅತ್ತು, ಅವನು ಬುಧವಾರ ಬಂದಾಗ ಮಾತಾಡಿಸಲಿಲ್ಲ.

ನೀಲಾಂಬಿಕೆ ಇದಕ್ಕೊಂದು ದಾರಿ ಕಂಡುಕೊಂಡಳು. ತಂತಿ ಬಂದವರು ಅದನ್ನು ಒಡೆಯದೆ ಅವಳ ಮನೆಯ ಜಗಲಿಗೆ ತರುವುದು. ಅವಳು ಒಡೆದು ಓದಿ, ಸಾವಿಲ್ಲದಿದ್ದರೆ ಮೊದಲು “ಸಾವಲ್ಲ!” ಎಂದು ಬೀದಿಗೆ ಕೇಳುವಂತೆ ಕೂಗುವುದು, ಆಮೇಲೆ ಕಾಗದದ ಮೂಲೆಗೆ ಕುಂಕುಮ ಹಚ್ಚಿ ಕೊಡುವುದು, ವಿಷಯ ನಿಧಾನವಾಗಿ ಹೇಳುವುದು. ಸಾವಾಗಿದ್ದರೆ ಏನೂ ಹೇಳದೆ, ಮೂಲೆಗೆ ಏನೂ ಹಚ್ಚದೆ, ಮಡಿಸಿ ವಾಪಸ್ಸು ಕೊಡುವುದು. ಕುಂಕುಮವಿಲ್ಲದ ಮೂಲೆ ನೋಡಿ ಮನೆಯವರೇ ತಿಳಿದುಕೊಳ್ಳುತ್ತಿದ್ದರು. ಅವಳು ಬಾಯಿಬಿಟ್ಟು ಹೇಳಿದಂತಾಗಲಿಲ್ಲ, ಆದ್ದರಿಂದ ನೀರು ಸೇದುವ ಪ್ರಮೇಯವೂ ಇಲ್ಲ. ಎರಡು ವರ್ಷದಲ್ಲಿ ಹನ್ನೊಂದು ತಂತಿ ಓದಿ ಒಂದು ಬಿಂದಿಗೆಯನ್ನೂ ಸೇದದೆ ಉಳಿದದ್ದು ಅವಳಿಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಅಜ್ಜಿ ಮಾತ್ರ, “ಯಮದೂತನಿಗೂ ಈ ಬುದ್ಧಿ ಹೊಳೀಲಿಲ್ಲ ನೋಡು” ಅಂದಿದ್ದಳು. ಅದು ಹೊಗಳಿಕೆಯೋ ಅಲ್ಲವೋ ನೀಲಾಂಬಿಕೆ ಕೇಳಲಿಲ್ಲ.

ಹನ್ನೆರಡನೆಯ ತಂತಿ ಬಂದದ್ದು ನಲವತ್ತೆರಡನೆಯ ಇಸವಿಯ ಆಷಾಢದಲ್ಲಿ, ಪಾಪಮ್ಮನ ಹೆಸರಿಗೆ. ಪಾಪಮ್ಮನ ಕಿರಿಯ ಮಗ ನಂಜಯ್ಯ ದಂಡಿನಲ್ಲಿ ಲಾರಿ ಓಡಿಸುವುದಕ್ಕೆಂದು ಸೇರಿ ಬರ್ಮಾ ಕಡೆ ಹೋಗಿದ್ದ. ಅವನ ಹೆಂಡತಿ ಸರಸಮ್ಮ ನೀಲಾಂಬಿಕೆಯ ಓರಗೆಯವಳು. ಚಿಕ್ಕಂದಿನಲ್ಲಿ ಇಬ್ಬರೂ ಇದೇ ಜಗಲಿಯಲ್ಲಿ ಅಜ್ಜಿಯ ಕಥೆ ಕೇಳಿದವರು. ದೇವರಾಜು ಹೊಲದ ಬದಿಯಲ್ಲಿ ಹಾದುಹೋಗುವುದನ್ನು ಕಂಡು ಸರಸಮ್ಮ ಕುಡುಗೋಲು ಹಿಡಿದುಕೊಂಡೇ ಅವನ ಹಿಂದೆ ನೀಲಾಂಬಿಕೆಯ ಜಗಲಿಯವರೆಗೆ ಬಂದಿದ್ದಳು.

“ಯಾರ್ದಣ್ಣ?” ಎಂದು ದಾರಿಯುದ್ದಕ್ಕೂ ಕೇಳಿದ್ದಳು.

“ಕೆಮ್ಮು ಕಣವ್ವ, ಮಾತಾಡಕ್ಕಾಗಲ್ಲ” ಎಂದು ಅವನು ದಾರಿಯುದ್ದಕ್ಕೂ ಕೆಮ್ಮಿದ್ದ.

ನೀಲಾಂಬಿಕೆ ತಂತಿ ಒಡೆದಳು. ಅದರಲ್ಲಿ ನಂಜಯ್ಯನ ಹೆಸರೂ ನಂಬರೂ ಇದ್ದವು. ಮುಂದೆ ಮೂರು ಪದ: ಮಿಸ್ಸಿಂಗ್, ಬಿಲೀವ್ಡ್, ಕಿಲ್ಡ್. ಮೂರರಲ್ಲಿ ಒಂದು ಅವಳ ಪಟ್ಟಿಯಲ್ಲಿತ್ತು. ಮಿಕ್ಕ ಎರಡನ್ನು ಅವಳು ಸಾವಿನ ಪದಗಳೆಂದು ಎಂದೂ ಎಣಿಸಿರಲಿಲ್ಲ. ಮತ್ತೆ ಓದಿದಳು. ಕಾಣೆಯಾಗಿದ್ದಾನೆ ಎಂಬುದಕ್ಕೆ ಕುಂಕುಮ ಹಚ್ಚಬಹುದಿತ್ತು. ಕೊಂದಿದ್ದಾರೆ ಎಂಬುದಕ್ಕೆ ಹಚ್ಚುವಂತಿರಲಿಲ್ಲ. ನಡುವೆ ನಂಬಿಕೆ ಎಂಬುದೊಂದು ಕೂತಿತ್ತು, ಅದಕ್ಕೇನು ಹಚ್ಚಬೇಕೋ ಗೊತ್ತಿರಲಿಲ್ಲ.

ಅವಳು “ಸಾವಲ್ಲ” ಎಂದು ಕೂಗಲಿಲ್ಲ. ಮಡಿಸಿ ಕೊಡಲೂ ಇಲ್ಲ.

ಸರಸಮ್ಮ ಅವಳ ಮುಖ ನೋಡಿದಳು. ಕುಡುಗೋಲನ್ನು ಜಗಲಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕುಂಕುಮದ ಭರಣಿಗೆ ಉಂಗುರದ ಬೆರಳು ಅದ್ದಿದಳು. ನೀಲಾಂಬಿಕೆಯ ಕೈಯಲ್ಲಿದ್ದ ಕಾಗದದ ಮೂಲೆಗೆ ಒತ್ತಿದಳು. ಕಾಗದವನ್ನು ಮೆಲ್ಲಗೆ ಎಳೆದುಕೊಂಡು, ಬಾಯಿಂದ ಊದಿ ಒಣಗಿಸಿ, “ಅತ್ತೆ ಕಾಯ್ತಾವ್ರೆ” ಎಂದು ಹೊರಟುಹೋದಳು. ಕುಡುಗೋಲು ಜಗಲಿಯ ಮೇಲೇ ಉಳಿಯಿತು.

“ಏನ್ ಬರ್ದಿತ್ತವ್ವ?” ದೇವರಾಜು ಕೇಳಿದ.

“ಕಾಣಿಸ್ತಿಲ್ಲವಂತೆ” ಅಂದಳು ನೀಲಾಂಬಿಕೆ.

“ಅಷ್ಟೇನಾ! ಲಾರಿ ಬಿಟ್ಟು ಎಲ್ಲೋ ಬೀಡಿ ಸೇದ್ತಾ ಕುಂತಿರ್ತಾನೆ ಬುಡಿ” ಎಂದು ಅವನೂ ಹೋದ.

ಬಸವಲಿಂಗಮ್ಮ ಬಾಗಿಲ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಎರಡು ಬತ್ತಿ ಹೊಸೆದಾದ ಮೇಲೆ, “ಭರಣಿ ಮುಚ್ಚಿಡು ಮಗಾ, ಇರುವೆ ಬೀಳ್ತದೆ” ಅಂದಳು.

ಕುಂಕುಮ ಸುಳ್ಳು ಹೇಳಿದ್ದು ಆ ಊರಿಗೆ ಗೊತ್ತಿರಲಿಲ್ಲ. ಪಾಪಮ್ಮ ತಂತಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಬಂದವರಿಗೆಲ್ಲ ಮೂಲೆ ತೋರಿಸಿದಳು. ನೀಲಾಂಬಿಕೆ ದಾರಿಯಲ್ಲಿ ಸಿಕ್ಕರೆ, “ನನ್ ಮಗ ಎಲ್ಲವ್ನೆ ಅಂತ ಆ ನಿನ್ ದೊಡ್ಡ ಪುಸ್ತಕದಾಗೆ ಐತೇನವ್ವ?” ಎನ್ನುವಳು. ನೀಲಾಂಬಿಕೆ ಮನೆಗೆ ಬಂದು ಡಿಕ್ಷನರಿಯಲ್ಲಿ ಮಿಸ್ಸಿಂಗ್ ಎಂಬುದನ್ನು ತೆಗೆಯುವಳು. ಅದರಿಂದ ಕೆಲವು ಸಾಲು ಕೆಳಗೆ ಮಂಜು ಎಂದರ್ಥದ ಪದವಿತ್ತು. ಎಷ್ಟೋ ಮಧ್ಯಾಹ್ನ ಅವಳ ಕಣ್ಣಿಗೆ ನಂಜಯ್ಯ ಆ ಪುಟದಲ್ಲೇ ಕಾಣಿಸುವನು. ಒಂದು ಪದದ ಪಕ್ಕದಲ್ಲಿ ಲಾರಿ ನಿಲ್ಲಿಸಿ, ಇನ್ನೊಂದು ಪದದೊಳಕ್ಕೆ ನಡೆದು ಹೋಗುತ್ತಿರುವನು. ಮೊದಲು ಕಾಲು ಮಸುಕಾಗುವುದು, ಆಮೇಲೆ ಬೆನ್ನು. ಅವಳು ಪುಸ್ತಕ ಮುಚ್ಚುವಳು, ಅವನು ಒಳಗೇ ಉಳಿಯುವನು.

ಆರು ತಿಂಗಳಾದ ಮೇಲೆ ತೊಂದರೆ ಶುರುವಾಯಿತು. ನಂಜಯ್ಯನ ಅಣ್ಣ ರಂಗಣ್ಣನಿಗೆ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಹಳ್ಳಿಮೈಸೂರಿನವರು, ಶಾಸ್ತ್ರದ ಜನ. ನಿಮ್ಮ ಮನೆಯಲ್ಲಿ ಒಬ್ಬ ದಂಡಿಗೆ ಹೋದವನು ಕಾಗದ ಹಾಕಿಲ್ಲವಂತಲ್ಲ, ಸೂತಕ ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ನಡುವೆ ಬೇಡ ಎಂದರು. ರಂಗಣ್ಣ ಪಟದ ಹಿಂದಿನಿಂದ ತಂತಿ ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋಗಿ, ಒಬ್ಬ ವಕೀಲರ ಗುಮಾಸ್ತನಿಂದ ಓದಿಸಿಕೊಂಡು ಬಂದ. ಬಂದವನು ಮನೆಗೆ ಹೋಗಲಿಲ್ಲ. ಊರ ಹಿರಿಯ ಈಶ್ವರಯ್ಯನನ್ನು ಕರೆದುಕೊಂಡು ನೇರವಾಗಿ ನೀಲಾಂಬಿಕೆಯ ಜಗಲಿಗೆ ಬಂದ. ಹಿಂದೆ ಹತ್ತು ಜನ ಬಂದರು. ಅವರ ಹಿಂದೆ ಪಾಪಮ್ಮ, ಸರಸಮ್ಮ. ದೇವರಾಜುವೂ ಚೀಲದ ಸಮೇತ ನಿಂತ.

“ಇಂಗ್ಲೀಸ್ ಗೊತ್ತಿರೋರ ಕೈಲೇ ಓದುಸ್ಕೊಂಡ್ ಬಂದಿವ್ನಿ,” ಅಂದ ರಂಗಣ್ಣ. “ಅವ್ರು ಬ್ಯಾರೇನೇ ಏಳವ್ರೆ.”

“ಏನ್ ಹೇಳವ್ರೆ?” ಎಂದ ಈಶ್ವರಯ್ಯ.

ರಂಗಣ್ಣ ಬಾಯಿ ತೆರೆದ. ಜಗಲಿಯ ಕೊನೆಯಲ್ಲಿ ಬೋರಲು ಹಾಕಿದ್ದ ತಾಮ್ರದ ಬಿಂದಿಗೆ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ. “ಓದ್ದೋಳು ಅವ್ಳು. ಅವ್ಳುನ್ನೇ ಕೇಳಿ.”

ಎಲ್ಲರೂ ನೀಲಾಂಬಿಕೆಯ ಕಡೆ ತಿರುಗಿದರು. ಅವಳು ಸರಸಮ್ಮನ ಕಡೆ ನೋಡಿದಳು. ಸರಸಮ್ಮ ತನ್ನ ಕೈಯ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತಿದ್ದಳು, ಎಣಿಸುವವಳಂತೆ. ಚನ್ನರಾಯಪಟ್ಟಣದ ಬಳೆಗಾರ ಯುಗಾದಿಗೆ ತೊಡಿಸಿದ ಹಸಿರು ಗಾಜಿನ ಬಳೆ, ಕೈಗೆ ಆರು. ಇನ್ನೊಂದು ಮಾತಿಗೆ ಅವೆಲ್ಲ ಕಲ್ಲಿನ ಮೇಲೆ ಪುಡಿಯಾಗಬೇಕು.

ನೀಲಾಂಬಿಕೆಯ ಬಾಯಿಗೆ ಶಾಲೆಯ ಕನ್ನಡವೇ ಬಂತು. “ಕಾಣೆಯಾಗಿದ್ದಾನೆ. ಕೊಲ್ಲಲ್ಪಟ್ಟಿದ್ದಾನೆಂದು ನಂಬಲಾಗಿದೆ.”

ಯಾರಿಗೂ ಅರ್ಥವಾಗಲಿಲ್ಲ. “ಕನ್ನಡದಾಗೆ ಏಳವ್ವ” ಎಂದ ಹಿಂದಿನಿಂದ ಒಬ್ಬ.

“ಹೋಗಿರಬೌದು ಅಂತ ನಂಬಿದ್ದಾರೆ.”

“ಯಾರು?” ಎಂದು ಒಳಗಿನಿಂದ ಬಸವಲಿಂಗಮ್ಮನ ದನಿ ಬಂತು.

“ಯಾರು ಅಂದ್ರೆ?”

“ನಂಬಿದೋರು ಯಾರು? ಹೆಸರು ಬರ್ದವ್ರಾ?”

ನೀಲಾಂಬಿಕೆ ತಂತಿಯ ಹಿಂದೆ ಮುಂದೆ ನೋಡಿದಳು. “ಬರೆದಿಲ್ಲ.”

ಬಸವಲಿಂಗಮ್ಮ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. “ಸಾವು ಹೇಳಿದೋರು ನೀರು ಸೇದ್ಬೇಕು ಅಂತ ನಮ್ಮೂರ ಕಟ್ಟಳೆ. ನಂಬಿದೋರು ಮುಂದೆ ಬರ್ಲಿ. ಹಗ್ಗ ಐತೆ, ಬಾವಿ ಐತೆ.”

“ಸರ್ಕಾರ ನಂಬೈತೆ ಅಜ್ಜಿ,” ಅಂದ ರಂಗಣ್ಣ.

“ಹಂಗಾರೆ ಸರ್ಕಾರವೇ ಬಂದು ಸೇದ್ಲಿ.”

ಊರಿನಲ್ಲಿ ಸರ್ಕಾರಕ್ಕೆ ಸೇರಿದವನು ಅಂತ ಆಗ ಇದ್ದವನು ಒಬ್ಬನೇ. ಹತ್ತು ಜನ ನಿಧಾನವಾಗಿ ಅವನ ಕಡೆ ತಿರುಗಿದರು.

“ನಾನಲ್ಲ ಸಾ!” ದೇವರಾಜು ಚೀಲವನ್ನು ಎದೆಗವಚಿಕೊಂಡ. “ನಾನು ಬರೀ ಒರೋನು. ನಂಬೋದು ಗಿಂಬೋದು ನನ್ ಕೆಲ್ಸ ಅಲ್ಲ.” ಆಮೇಲೆ ಬಹಳ ಹೊತ್ತು ಕೆಮ್ಮಿದ.

ಪಾಪಮ್ಮ ಜನರ ನಡುವಿನಿಂದ ಬಂದು, ಬೋರಲು ಬಿದ್ದಿದ್ದ ಬಿಂದಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. “ಏನ್ಲಾ ರಂಗಾ, ನೀನ್ ನಂಬಿದ್ದೀಯೇನ್ಲಾ? ನಂಬಿದ್ರೆ ಏಳ್ಬುಡು. ನನ್ ತಲೆ ಮ್ಯಾಲೆ ನೀನೇ ಉಯ್ಯಿ.”

ರಂಗಣ್ಣ ಬಿಂದಿಗೆಯನ್ನು ನೋಡಿದ. ತಮ್ಮನಿಗೆ ಈಜು ಕಲಿಸಿದವನು ಅವನೇ, ಬೆನ್ನಿಗೆ ಕಟ್ಟಿಕೊಂಡು ರಾಮನಾಥಪುರದ ಹೊಳೆಯಲ್ಲಿ. ಟವಲಿನಿಂದ ಮುಖ ಒರೆಸಿಕೊಂಡ. “ನಂಗೇನ್ ಗೊತ್ತವ್ವ. ಯಾರೋ ಗುಮಾಸ್ತ ಅಂದ. ಅವ್ನಿಗೂ ಕಣ್ ಸರ್ಯಾಗ್ ಕಾಣಲ್ಲ” ಅಂದ.

ಈಶ್ವರಯ್ಯ ಎದ್ದು ನಿಂತು ಪಂಚೆ ಕೊಡವಿಕೊಂಡ. “ಹೇಳೋರಿಲ್ಲ ಅಂದ್ಮೇಲೆ ಸಾವಿಲ್ಲ. ಸಾವಿಲ್ಲ ಅಂದ್ಮೇಲೆ ಸೂತಕ ಇಲ್ಲ. ಮದ್ವೆ ಮಾಡ್ಕೊಳ್ಳಿ.”

ಮದುವೆಯಾಯಿತು. ಆರತಿ ಎತ್ತಿದವರಲ್ಲಿ ಸರಸಮ್ಮನೂ ಒಬ್ಬಳು. ಹಳ್ಳಿಮೈಸೂರಿನವರು ಊಟ ಚೆನ್ನಾಗಿತ್ತೆಂದರು.

ಆಮೇಲೆ ಮೂರು ವರ್ಷ ಏನೂ ಆಗಲಿಲ್ಲ. ಸೀಮೆಎಣ್ಣೆ ಸಿಗಲಿಲ್ಲ, ಯುದ್ಧ ನಿಂತಿತು, ಸೀಮೆಎಣ್ಣೆ ಆಗಲೂ ಸಿಗಲಿಲ್ಲ. ಪ್ರತಿ ಯುಗಾದಿಗೆ ಪಾಪಮ್ಮ ಬಳೆಗಾರನನ್ನು ಎದುರಿಗೆ ಕೂರಿಸಿಕೊಂಡು ಸೊಸೆಗೆ ಬಳೆ ತೊಡಿಸಿದಳು, ಅಳತೆ ಬಿಗಿಯಾಯಿತೆಂದು ಬೈದಳು. ನೀಲಾಂಬಿಕೆಯ ಪಟ್ಟಿ ಮೂವತ್ತಾರಕ್ಕೆ ನಿಂತಿತ್ತು. ಮಿಸ್ಸಿಂಗ್ ಎಂಬುದನ್ನು ಸೇರಿಸಬೇಕೋ ಬೇಡವೋ ತೀರ್ಮಾನವಾಗದೆ ಅವಳು ಮುಂದಿನದನ್ನೂ ಬರೆದಿರಲಿಲ್ಲ. ತಂತಿಗಳನ್ನು ಮಾತ್ರ ಓದುತ್ತಲೇ ಇದ್ದಳು.

ನಲವತ್ತಾರನೆಯ ಇಸವಿಯ ಮಾಘದಲ್ಲಿ ಪಾಪಮ್ಮ ಮಲಗಿದವಳು ಏಳಲಿಲ್ಲ. ನೆರೆಯವರು ಎಂದಿನಂತೆ ಬಂದು, ನೋಡಿ, ಯಾಕೋ ಮಾತಾಡ್ತಿಲ್ಲ ಎನ್ನಲು ಬಾಯಿ ತೆರೆಯುತ್ತಿದ್ದರು. ಅಷ್ಟರಲ್ಲಿ ಸರಸಮ್ಮ ಬಾಗಿಲಿಗೆ ಬಂದು, “ಅತ್ತೆ ಸತ್ತೋದ್ರು” ಎಂದು ಬಿಟ್ಟಳು. ಹೋಗಿ ನೀರು ಸೇದಿದಳು. ಊರಿನಲ್ಲಿ ಯಾರೂ ಅಷ್ಟು ನೇರವಾಗಿ ಹೇಳಿದ್ದಿಲ್ಲವಾದ್ದರಿಂದ ಒಂದು ಗಳಿಗೆ ಅಳುವುದಕ್ಕೂ ಯಾರಿಗೂ ತೋಚಲಿಲ್ಲ.

ಅದಾಗಿ ಒಂದು ತಿಂಗಳಿಗೆ ಒಂದು ಮಧ್ಯಾಹ್ನ ಸರಸಮ್ಮ ಜಗಲಿಗೆ ಬಂದಳು. ಕೈಯಲ್ಲಿ ಉದ್ದನೆಯ ಲಕೋಟೆ.

“ದೇವರಾಜಣ್ಣ ಕೊಟ್ಟ. ಕೆಮ್ಮಲಿಲ್ಲ,” ಅಂದಳು. “ಓದು ನೀಲಾ.”

ನೀಲಾಂಬಿಕೆ ಒಡೆದಳು. ಅಚ್ಚು ಹಾಕಿದ ಕಾಗದ, ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಮಾತ್ರ ನಂಜಯ್ಯನ ಹೆಸರನ್ನು ಮಸಿಯಲ್ಲಿ ತುಂಬಿದ್ದರು. ಅವಳು ಕೂಗಲಿಲ್ಲ. ಮಡಿಸಲಿಲ್ಲ. ಈ ಸಲ ಕಾಗದದಿಂದ ಕಣ್ಣನ್ನೂ ಎತ್ತಲಿಲ್ಲ.

“ಯಾವ ಪದ ಆಕವ್ರೆ?”

“ಪ್ರಿಸ್ಯೂಮ್ಡ್.”

“ಅಂಗಂದ್ರೆ?”

“ಅಂದ್ಕೊಂಡಿದ್ದಾರೆ, ಅಂತ.”

ಸರಸಮ್ಮ ಕಂಬಕ್ಕೆ ಒರಗಿ ಕೂತು ಯೋಚಿಸಿದಳು. “ಮೊದ್ಲು ನಂಬಿದ್ರು, ಈಗ ಅಂದ್ಕೊಂಡವ್ರೆ. ನಂಬೋದ್ಕಿಂತ ಅಂದ್ಕೊಳ್ಳೋದು ಒಸಿ ಕಡ್ಮೇನೇ ಅಲ್ವಾ?”

“ಪದ ನೋಡಿದ್ರೆ ಕಡ್ಮೇನೇ.”

“ಅತ್ತೆ ಇದ್ದಿದ್ರೆ ಅಂಗೇ ಏಳ್ಬೋದಾಗಿತ್ತು. ಸರ್ಕಾರ ಒಂದ್ ಮೆಟ್ಲು ಕೆಳಕ್ಕಿಳಿದೈತೆ ಕಣತ್ತೆ, ಇನ್ನೊಂದ್ ಕಾಗದ ಬಂದ್ರೆ ನಿಮ್ ಮಗ್ನೇ ಬತ್ತಾನೆ ಅಂತ.” ಅವಳು ನಕ್ಕಳು. ನೀಲಾಂಬಿಕೆಗೆ ನಗಲು ಆಗಲಿಲ್ಲ.

“ಸರಸೂ, ಅವತ್ತೇ ನಾನು ಹೇಳ್ಬೇಕಾಗಿತ್ತು. ನಿಂಗೆ ಮೋಸ ಮಾಡ್ದೆ.”

“ನೀನೇನ್ ಏಳೋದು. ಕಾಗದ ಒಡುದ್ರೆ ನೀನು ‘ಸಾವಲ್ಲ’ ಅಂತ ಊರಿಗೇ ಕೇಳಂಗೆ ಅರಚ್ತಿದ್ದೆ. ಅವತ್ತು ಅರಚ್ಲಿಲ್ಲ. ನಂಗಿನ್ನೇನ್ ಬೇಕಾಗಿತ್ತು?”

“ಹಂಗಾದ್ರೆ ಕುಂಕುಮ ಯಾಕೆ ಹಚ್ಚಿದೆ?”

ಸರಸಮ್ಮ ಬಳೆ ಸರಿಸಿದಳು. “ಅತ್ತೆಗೆ ಇವ್ನ್ ಮ್ಯಾಲೇ ಜೀವ. ನಾನು ಬಳೆ ಒಡುದ್ರೆ ಆವಮ್ಮ ಅವತ್ತೇ ಓಗ್ಬುಡೋರು. ಒಂದೇ ಬಾರಿಗೆ ಎರಡ್ ಬಿಂದ್ಗೆ ನೀರು ಯಾರ್ ಸೇದೋದು ಅನ್ಕೊಂಡೆ.” ಬಳೆಯನ್ನು ಮತ್ತೆ ಕೆಳಕ್ಕೆ ಬಿಟ್ಟು, “ನಂಗೂ ಬೇಕಾಗಿತ್ತು ಕಣೆ. ಸುಳ್ಳೇಳಕ್ಕಾಗಲ್ಲ” ಅಂದಳು.

ನೀಲಾಂಬಿಕೆಯ ಕೈ ತಾನಾಗಿ ಕುಂಕುಮದ ಭರಣಿಯ ಕಡೆ ಹೋಯಿತು. ಬೇಕಾದರೆ ಇನ್ನೊಂದು ಸಲ. ಊರು ಒಪ್ಪುತ್ತಿತ್ತು. ಇನ್ನು ಹತ್ತು ವರ್ಷ ಬೇಕಾದರೂ ಒಪ್ಪುತ್ತಿತ್ತು.

“ಇವತ್ತು ಬ್ಯಾಡ,” ಅಂದಳು ಸರಸಮ್ಮ.

ಅವಳು ಎದ್ದು ಹಿತ್ತಲಿಗೆ ಹೋದಳು. ನೀಲಾಂಬಿಕೆಯೂ ಹಿಂದೆ ಹೋದಳು. ಬಾವಿಕಟ್ಟೆಯ ಹತ್ತಿರ ಬಟ್ಟಲಲ್ಲಿ ನೆನೆಹಾಕಿದ್ದ ಅಂಟುವಾಳಕಾಯಿ ಇತ್ತು. ಸರಸಮ್ಮ ಅದನ್ನು ಕಿವುಚಿ ನೊರೆ ಬರಿಸಿ, ಮಣಿಕಟ್ಟಿಗೆ ಹಚ್ಚಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಪದ್ಧತಿಯಂತೆ ಅವನ್ನು ಬೇರೆಯವರು ಹಿಡಿದು ಒಡೆಯಬೇಕು. ಒಡೆಯುವವರು ಯಾರೂ ಇರಲಿಲ್ಲ. ಹನ್ನೆರಡೂ ಇಡಿಯಾಗಿ ಬಂದವು. ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

ಆಮೇಲೆ ನೆಟ್ಟಗೆ ನಿಂತು, ಎದುರಿಗಿದ್ದ ಕರಿಬೇವಿನ ಗಿಡಕ್ಕೆ ಹೇಳುವವಳಂತೆ ಹೇಳಿದಳು: “ನನ್ ಗಂಡ ಸತ್ತೋಗವ್ನೆ. ನಾನೇ ಏಳ್ತಾ ಇವ್ನಿ. ನೀರೂ ನಾನೇ ಸೇದ್ಕೋತೀನಿ.”

ಬಾವಿಯ ರಾಟೆ ಗಡಗಡ ಶಬ್ದ ಮಾಡಿತು. ಹತ್ತಾಳು ಹಗ್ಗ ಇಳಿಯುವುದಕ್ಕೆ ಹೊತ್ತು ಹಿಡಿಯಿತು, ಮೇಲೆ ಬರುವುದಕ್ಕೆ ಇನ್ನೂ ಹೊತ್ತು. ಸರಸಮ್ಮ ಮೊದಲ ಬಿಂದಿಗೆಯನ್ನು ತಾನೇ ಎತ್ತಿ ತಲೆಯ ಮೇಲೆ ಸುರಿದುಕೊಂಡಳು. ಕೂದಲು ಮುಖಕ್ಕೆ ಅಂಟಿತು. ಅವಳು ಅತ್ತಳೋ ಇಲ್ಲವೋ ಆ ನೀರಿನಲ್ಲಿ ಗೊತ್ತಾಗಲಿಲ್ಲ. ಕೈ ಮತ್ತೆ ಹಗ್ಗಕ್ಕೆ ಹೋಯಿತು.

ನೀಲಾಂಬಿಕೆ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡಳು. ಬಿಂದಿಗೆ ಕೆಳಕ್ಕೆ ಬಿಟ್ಟು ಸೇದತೊಡಗಿದಳು. ತುಂಬಿದ ಬಿಂದಿಗೆ ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಅಂಗೈ ಉರಿಯುತ್ತಿತ್ತು.

ಬಸವಲಿಂಗಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಕಟ್ಟೆಯ ಮೇಲಿನ ಬಳೆಗಳನ್ನು ನೋಡಿದಳು, ಒದ್ದೆಯಾಗಿ ನಿಂತವಳನ್ನು ನೋಡಿದಳು, ಸೇದುವವಳನ್ನು ನೋಡಿದಳು.

“ಹಂಡೇಲಿ ಬಿಸಿನೀರು ಐತೆ ಕಣ್ರೇ,” ಅಂದಳು.

“ಸಾವಿಗೆ ತಣ್ಣೀರೇ ಆಗ್ಬೇಕು ಅಂತ ನೀನೇ ಹೇಳಿದ್ದಲ್ಲ ಅಜ್ಜಿ,” ಎಂದಳು ನೀಲಾಂಬಿಕೆ ಏದುಸಿರು ಬಿಡುತ್ತ.

“ಹೊಸ ಸಾವಿಗೆ ಹೇಳಿದ್ದು. ಇದು ನಾಕ್ ವರ್ಷದ ಹಳೇದು. ಇದಕ್ಕೆ ಬಿಸಿನೀರೂ ನಡೀತದೆ.”